ಶೆಟ್ರು ಕೊನೆಗೂ ಆಪ್ ಹಾಕಿಸಿದ್ದು

ಲಾರಿ ಎಲ್ಲಿದೆಯೆಂದು ಮೊಬೈಲಿನಲ್ಲೇ ತೋರಿಸುವ ಆಪ್ ಮಾರಲು ಕುರ್ಲಾದ ಗೋದಾಮಿನ ಮ್ಯಾನೇಜರ್ ಶೆಟ್ರ ಬಳಿಗೆ ಆರು ಸಲ ಹೋಗಿದ್ದೆ. ಪ್ರತಿ ಸಲವೂ ಚಾ ಕುಡಿಸಿ, "ನಮಗೆ ಅದೆಲ್ಲ ಯಾಕೆ ಮಾರಾಯ್ರೆ?" ಎಂದು ಸಾಗಹಾಕಿದ್ದರು. ಈ ತಿಂಗಳೂ ಗಿರಾಕಿ ಸಿಗದಿದ್ದರೆ ನನ್ನ ಕೆಲಸವೇ ಹೋಗುವುದಿತ್ತು.

ಏಳನೇ ಸಲ ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, "ನಾಳೆಯೇ ಹಾಕಿ ಕೊಡ್ತೀರಾ?"

"ಏನಾಯ್ತು ಶೆಟ್ರೇ?"

"ನಿನ್ನೆ ಮಗಳ ಸ್ಕೂಲ್ ಬಸ್ಸು ಬರಲೇ ಇಲ್ಲ. ನಾನು ಹೆದರಿ ಬಿಲ್ಡಿಂಗ್ ಕೆಳಗೆ ಓಡಾಡ್ತಿದ್ದೆ. ಹೆಂಡತಿ ಸ್ಕೂಲಿನ ಆಪ್ ನೋಡಿ, 'ಚೆಂಬೂರು ಸಿಗ್ನಲ್ ಹತ್ರ ಉಂಟು, ಸುಮ್ಮನೆ ಮೇಲೆ ಬನ್ನಿ' ಅಂದಳು. ಲಾರಿಗೂ ಇಂಥದ್ದು ಉಂಟು ಅಂತ ನೀವು ಮೊದಲೇ ಸರಿಯಾಗಿ ಹೇಳಬಾರದಿತ್ತಾ?"

ಹಲ್ಲು ಕಚ್ಚಿಕೊಂಡು ಸಹಿ ಹಾಕಿಸಿಕೊಂಡೆ. ಇನ್ನು ಮ್ಯಾನೇಜರುಗಳನ್ನು ಬಿಟ್ಟು ಅವರ ಹೆಂಡತಿಯರಿಗೇ ಡೆಮೊ ಕೊಡುವುದು ಒಳ್ಳೆಯದು.