ಗೊಂಬೆಯ ಮದುವೆಗೆ ಬಂದ ಹುಡುಗಿ

ಶಕುನ, ಅಪಶಕುನ, ಗಾಳಿ, ಸೋಂಕು ಇವು ಯಾವುದನ್ನೂ ನಾನು ನಂಬಿದವಳಲ್ಲ. ನಂಬುವುದು ನನಗೆ ಸಾಧ್ಯವೂ ಇರಲಿಲ್ಲ. ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ, ಹನ್ನೊಂದಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಮರಳಿದವಳು ನಾನು. ಓಣಿಯ ಜನ ಊರಿಗೆ ಹೊರಟಾಗ ನಾನು ಎದುರಾದರೆ ಮನೆಯೊಳಗೆ ಹೋಗಿ ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಶಕುನ ನಿಜವೆಂದು ಒಪ್ಪಿದರೆ ನಾನೇ ಅಪಶಕುನವೆಂದು ಮೊದಲು ಒಪ್ಪಬೇಕಾಗುತ್ತಿತ್ತು. ಆದ್ದರಿಂದ ಅದೆಲ್ಲ ಸುಳ್ಳು ಎಂಬ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಬದುಕಿದೆ. ಆ ಹಿಡಿತ ತಪ್ಪಿದ ಒಂದು ಮಧ್ಯಾಹ್ನದ ಸಂಗತಿಯನ್ನು ಈಗ ಬರೆಯುತ್ತಿದ್ದೇನೆ. ಓದಿದವರು ಏನೆಂದುಕೊಂಡರೂ ನನಗೆ ಬೇಸರವಿಲ್ಲ. ಏನೆಂದುಕೊಳ್ಳಬೇಕೆಂದು ನನಗೇ ಇನ್ನೂ ತಿಳಿದಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ವಿಜಾಪುರದಲ್ಲಿ ಅಣ್ಣನಿಗೆ ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ ಇತ್ತು. ಅವನಿಗೆ ಮೂವರು ಮಕ್ಕಳು. ದೊಡ್ಡವಳು ಗಂಗೂ, ಹದಿನೈದು ವರ್ಷದವಳು. ಶಾಂತಾಗೆ ಎಂಟು, ಬಾಳೂಗೆ ಐದು. ವರ್ಷವಿಡೀ ಹಿತ್ತಲ ಕಡೆಯ ಕೋಣೆ, ಬೀಸುವ ಕಲ್ಲು ನನ್ನ ಪಾಲಿಗೆ. ಬೇಸಿಗೆಯ ಸೂಟಿ ಬಂದಾಗ ಮಾತ್ರ ನಾನು ಮನೆಯವರಿಗೆಲ್ಲ ಬೇಕಾದವಳು. ಮಕ್ಕಳನ್ನು ಬಿಸಿಲಿಗೆ ಹೊರಗೆ ಬಿಡುವಂತಿಲ್ಲ, ಒಳಗೆ ಕೂಡಿಹಾಕಿದರೆ ಜಗಳ. ಹುಣಸೆ ಬೀಜ ಒಡೆದು ಚೌಕಾಬಾರಾ ಆಡಿಸುತ್ತಿದ್ದೆ, ಗಜಗ ಆಡಿಸುತ್ತಿದ್ದೆ, ಹಳೆಯ ಚಿಂದಿಯಲ್ಲಿ ಗೊಂಬೆ ಕಟ್ಟಿಕೊಡುತ್ತಿದ್ದೆ. ಅವರ ಪಾಟಿಯ ಮೇಲೆಯೇ ನಾನೂ ಅಕ್ಷರ ತಿದ್ದಿ ಕಲಿತೆ. ಜೂನ್‌ನಲ್ಲಿ ಸಾಲೆ ತೆರೆದ ದಿನ ಮನೆ ತಣ್ಣಗಾಗುತ್ತಿತ್ತು. ಆ ದಿನ ನಾನು ಊಟ ಮಾಡುತ್ತಿರಲಿಲ್ಲ. ಅದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ.

ಆ ವರ್ಷ ಗಂಗೂನ ಮದುವೆ ಗೊತ್ತಾಗಿತ್ತು. ವರ ಸೊಲ್ಲಾಪುರದ ಗಿರಣಿಯೊಂದರಲ್ಲಿ ಕಾರಕೂನ. ಮನೆಯಲ್ಲಿ ಶಾವಿಗೆ, ಸಂಡಿಗೆ, ಗೋಡೆಗೆ ಸುಣ್ಣ ಎಂದು ಗದ್ದಲ. ಒಂದು ದಿನ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಹುಡುಗರನ್ನ ಕರಕೊಂಡು ಒಂದ್ ಹದಿನೈದ್ ದಿನ ಬಬಲೇಶ್ವರಕ್ಕ ನಮ್ಮವ್ವನ ಮನಿಗೆ ಹೋಗಿ ಬಾ. ಗಂಗೂನೂ ಅಜ್ಜಿ ಮನ್ಯಾಗ ಮದುವಿ ಊಟ ಉಂಡು ಬರ್ಲಿ. ಸಣ್ಣವರು ಕಾಲಾಗ ಅಡ್ಯಾಡಿದ್ರ ಇಲ್ಲಿ ಕೆಲಸ ಸಾಗೂದಿಲ್ಲ" ಎಂದಳು.

ಮಕ್ಕಳಷ್ಟೇ ಅಲ್ಲ, ನಾನೂ ಆ ಹದಿನೈದು ದಿನ ಕಣ್ಣಿಗೆ ಬೀಳಬಾರದೆಂಬುದು ತಿಳಿಯದಷ್ಟು ದಡ್ಡಿಯಲ್ಲ ನಾನು. ವೈನಿ ಕೆಟ್ಟವಳಲ್ಲ. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಅಷ್ಟೆ.

ತಿಕೋಟಾದಲ್ಲಿ ವೈನಿಯ ತಂಗಿಯ ಮನೆ. ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಆಗಿನ ಮೋಟಾರಿನಲ್ಲಿ ಮೊದಲು ಅಲ್ಲಿಗೆ ಹೋದೆವು. ಗಂಗೂಗೆ ಅವರು ಉಣಬಡಿಸಿ ಉಡಿ ತುಂಬಿದರು. ಮರುದಿನ ನಸುಕಿನಲ್ಲಿ ಅವರದೇ ಚಕ್ಕಡಿಯಲ್ಲಿ ಬಬಲೇಶ್ವರಕ್ಕೆ ಹೊರಟೆವು. ಗಾಡಿ ಹೊಡೆಯುವವನು ನಿಂಗಪ್ಪ, ಅವರ ಮನೆಯ ಹಳೆಯ ಆಳು.

ಬಿಸಿಲೇರುವ ಮೊದಲು ಮುಟ್ಟುತ್ತೇವೆ ಎಂದಿದ್ದ. ಆದರೆ ಡೋಣಿ ಹೊಳೆ ಇನ್ನೂ ಸ್ವಲ್ಪ ದೂರವಿರುವಾಗ ಗಾಲಿ ಕಟಕಟ ಎನ್ನತೊಡಗಿತು. ಬೇಸಿಗೆಯ ಬಿಸಿಗೆ ಕಟ್ಟಿಗೆ ಒಣಗಿ ಕುಗ್ಗಿ, ಗಾಲಿಯ ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗಿತ್ತು. ನಿಂಗಪ್ಪ ಇಳಿದು ನೋಡಿ ತಲೆ ಅಲ್ಲಾಡಿಸಿದ.

"ಅಕ್ಕಾರ, ಹುಡುಗರನ್ನ ಕರಕೊಂಡು ಅಲ್ಲಿ ನೆರಳಿಗೆ ಕುಂದರ್ರಿ. ಹೊಳ್ಯಾಗ ಎಲ್ಲೆರ ಮಡುವಿನ್ಯಾಗ ನೀರು ಇರ್ತಾವ. ಗಾಲಿ ನೆನಸಿಕೊಂಡು ಬರತೇನ್ರಿ. ಭಾರ ಇದ್ರ ಗಾಲಿ ಮುರೀತೈತಿ."

ಖಾಲಿ ಗಾಡಿಯನ್ನು ನಿಧಾನವಾಗಿ ನಡೆಸಿಕೊಂಡು ಹೋದ. ಹೊಲದ ಅಂಚಿಗೆ ಒಂದು ಹಳೆಯ ಕಲ್ಲಿನ ಕಟ್ಟಡ. ನಮ್ಮ ಕಡೆ ಇಂಥವು ಎಷ್ಟೋ, ಯಾರು ಕಟ್ಟಿಸಿದರೋ ಯಾರಿಗೂ ಗೊತ್ತಿಲ್ಲ. ಅರ್ಧ ಚಾವಣಿ ಕುಸಿದಿತ್ತು. ಉಳಿದರ್ಧದ ನೆರಳಿನಲ್ಲಿ ಕುಳಿತೆವು. ಸುತ್ತಲೂ ಬಿರಿದ ಎರೆಭೂಮಿ, ದೂರದಲ್ಲಿ ನಾಲ್ಕು ಜಾಲಿಗಿಡ. ಒಂದು ಹಕ್ಕಿಯ ದನಿಯೂ ಇರಲಿಲ್ಲ.

ಮಕ್ಕಳು ಮೊದಲ ಗಳಿಗೆ ಸುಮ್ಮನಿದ್ದರು. ಆಮೇಲೆ ಬಾಳೂ ಅವ್ವ ಬೇಕೆಂದು ಶುರುಮಾಡಿದ. ಬುತ್ತಿಯ ರೊಟ್ಟಿ ಕೊಟ್ಟೆ, ಒಲ್ಲೆನೆಂದ. ಒಗಟು ಹೇಳಿದೆ, ಕಲ್ಲು ಹೆಕ್ಕಿಸಿ ಲೆಕ್ಕ ಮಾಡಿಸಿದೆ. ಬಿಸಿಲಿಗೆ ನನ್ನ ಕಣ್ಣೂ ಮಂಜಾಗುತ್ತಿತ್ತು. ಹಿಂದಿನ ರಾತ್ರಿ ನಾನು ಮಲಗಿರಲಿಲ್ಲ. ಉಡಿ ತುಂಬುವ ಹೊತ್ತಿಗೆ ತಿಕೋಟಾದವರು ನನ್ನನ್ನು ಹಿತ್ತಲಿಗೆ ಕಳಿಸಿದ್ದರು. ಗಂಗೂಗೆ ಹಾಡಿದ ಹಾಡನ್ನು ಗೋಡೆಯ ಆಚೆಯಿಂದ ಕೇಳಿದ್ದೆ. ಅವಳನ್ನು ಎತ್ತಿ ಆಡಿಸಿದವಳು ನಾನು.

ಕೊನೆಗೆ ಶಾಂತಾ ತನ್ನ ಗಂಟಿನಿಂದ ಚಿಂದಿಯ ಗೊಂಬೆ ತೆಗೆದು, "ಅತ್ತಿ, ಇದರ ಮದುವಿ ಮಾಡೂಣು" ಎಂದಳು. ಗಂಗೂ ನಾಚಿದರೂ ಮುಂದೆ ಸರಿದು ಕುಳಿತಳು. ತನ್ನ ಹಳೆಯ ಮಣಿಸರದ ಗಾಜಿನ ಮಣಿಗಳನ್ನು ದಾರಕ್ಕೆ ಪೋಣಿಸಿ ಗೊಂಬೆಯ ಕೈಗೆ ಬಳೆ ಮಾಡಿದಳು. ಇನ್ನೊಂದು ತಿಂಗಳಿಗೆ ಗಂಡನ ಮನೆಗೆ ಹೋಗುವವಳು, ನಾಲಿಗೆ ಹೊರಚಾಚಿ ಮಣಿ ಪೋಣಿಸುತ್ತಿದ್ದಳು. ಬಾಳೂನ ಅಳು ನಿಂತಿತು.

"ಗಂಡು ಎಲ್ಲೈತಿ?" ಎಂದ ಅವನು.

ಆಗ ಆ ಹುಡುಗಿ ಬಂದಳು. ಕಟ್ಟಡದ ಹಿಂದಿನಿಂದ ಬಂದಳೆಂದು ನನ್ನ ನೆನಪು. ಒಂಬತ್ತು ಹತ್ತು ವರ್ಷ ಇರಬಹುದು. ಕಾಲಿನ ತನಕ ಹಸಿರು ಪರಕಾರ, ಖಣದ ಕುಪ್ಪಸ, ಎಣ್ಣೆ ಹಚ್ಚಿ ಬಿಗಿದ ಹೆರಳು. ಕೈಯಲ್ಲಿ ರುಮಾಲು ಸುತ್ತಿದ ಒಂದು ಗಂಡು ಗೊಂಬೆ.

"ಗಂಡು ನಮ್ಮ ಕಡೆ ಐತಿ" ಎಂದು ಕುಳಿತಳು.

ಯಾವ ಊರು ಎಂದು ಕೇಳಿದೆ. ಅವಳು ಗೊಂಬೆಯ ರುಮಾಲು ಸರಿಮಾಡುತ್ತಿದ್ದಳು. ಹೊಲದ ಕೆಲಸಕ್ಕೆ ಬಂದವರ ಮಗಳಿರಬೇಕು ಎಂದುಕೊಂಡೆ. ಬೇಸಿಗೆಯಲ್ಲಿ ಬಿರಿದು ಬಿದ್ದ ಹೊಲದಲ್ಲಿ ಏನು ಕೆಲಸ ಎಂಬುದು ಆಗ ಹೊಳೆಯಲಿಲ್ಲ.

ಮದುವೆ ನಡೆಯಿತು. ನನ್ನ ಸೆರಗನ್ನೇ ಅಂತರಪಟ ಹಿಡಿದರು. ಅಕ್ಷತೆಯ ಅಕ್ಕಿಕಾಳಿನ ಬದಲು ಚುರುಮುರಿ. ಬಾಳೂ ಅರ್ಧ ತಿಂದು ಅರ್ಧ ಹಾಕಿದ. ಗೊಂಬೆಯ ಮದುವೆಯಲ್ಲಿಯೂ ನಾನು ರೂಢಿಯಂತೆ ಸೆರಗು ಎಟಕುವಷ್ಟು ದೂರ ಸರಿದು ಕುಳಿತಿದ್ದೆ. ಶಾಂತಾ ನನ್ನ ಕೈಗೆ ಚುರುಮುರಿ ತುಂಬಿ, "ನೀನೂ ಹಾಕ ಅತ್ತಿ" ಎಂದಳು. ಹಾಕಿದೆ. ಇಪ್ಪತ್ತು ವರ್ಷಗಳಲ್ಲಿ ಒಂದು ಮದುವೆಗೆ ನಾನು ಅಕ್ಕಿಕಾಳು ಹಾಕಿದ್ದು ಅದೊಂದೇ. ನನಗೆ ಸಂತೋಷವಾಯಿತು ಎಂಬುದನ್ನೂ ಬರೆಯಬೇಕು.

ಆ ಹುಡುಗಿ ಗಂಡು ಗೊಂಬೆಯನ್ನು ಎತ್ತಿ ನೆಲದ ಮೇಲೆ ಅಂಗಾತ ಮಲಗಿಸಿದಳು. ಮುಖಕ್ಕೆ ರುಮಾಲು ಎಳೆದಳು. ಮೆಲ್ಲನೆ, ಅಡುಗೆ ಆಯಿತು ಎನ್ನುವ ಹಾಗೆ ಹೇಳಿದಳು:

"ಗಂಡ ತೀರಿಕೊಂಡ. ಇನ್ನ ಈಕಿ ಬಳಿ ಒಡೀರಿ."

ತಾನೇ ಒಂದು ಕಲ್ಲು ತೆಗೆದುಕೊಂಡು ಗೊಂಬೆಯ ಕೈಯ ಮಣಿಗಳನ್ನು ಒಂದೊಂದಾಗಿ ಜಜ್ಜಿದಳು. ಗಾಜು ಪುಡಿಯಾಗುವ ಸದ್ದು ನನಗೆ ಈಗಲೂ ಕೇಳುತ್ತದೆ. ಗಂಗೂ ತನ್ನ ಕೈಬಳೆಗಳನ್ನು ಅಂಗೈಯಿಂದ ಮುಚ್ಚಿಕೊಂಡಳು. ಬಾಳೂ ಚೀರಿದ. ಆ ಹುಡುಗಿಯ ಕೈ ಹಿಡಿಯಬೇಕೆಂದು ಏಳತೊಡಗಿದೆ. ಅಷ್ಟರಲ್ಲಿ ದೂರದಿಂದ ನಿಂಗಪ್ಪ ಕೂಗಿದ. ಆ ಕಡೆ ತಿರುಗಿ ನೋಡಿದೆ. ಮತ್ತೆ ಇತ್ತ ತಿರುಗಿದಾಗ ಅವಳಿರಲಿಲ್ಲ.

"ಒಂದ್ ಹುಡುಗಿ ಹೋದ್ಲೇನು ನಿನ್ನ ಮುಂದ?" ಎಂದು ನಿಂಗಪ್ಪನನ್ನು ಕೇಳಿದೆ.

"ಯಾ ಹುಡುಗೀರಿ? ಇಲ್ಲಿ ಹರದಾರಿ ತನಕ ಒಂದ್ ಮನಿ ಇಲ್ರಿ" ಎಂದ.

ಕಟ್ಟಡದ ಸುತ್ತ ಒಂದು ಸಲ ತಿರುಗಿ ಬಂದೆ. ಬಟಾಬಯಲು. ಒಂದು ಮಗು ಅಡಗುವಷ್ಟು ಮರೆ ಎಲ್ಲಿಯೂ ಇರಲಿಲ್ಲ. ಗಾಡಿಯಲ್ಲಿ ಮಕ್ಕಳು ನನ್ನ ಬಳಿ ಕುಳಿತುಕೊಳ್ಳಲಿಲ್ಲ. ಮೂವರೂ ನಿಂಗಪ್ಪನ ಬೆನ್ನಿಗೆ ಒತ್ತಿಕೊಂಡು ಮುಂದೆ ಕುಳಿತರು. ಹೆದರಿದ್ದಾರೆ ಎಂದುಕೊಂಡೆ.

ಯಾರಿಗೆ ಹೆದರಿದ್ದರು ಎಂಬುದು ಬಬಲೇಶ್ವರ ಮುಟ್ಟಿದ ಮೇಲೆ ತಿಳಿಯಿತು. ಸಂಜೆ ಅವರ ಅಜ್ಜಿ ನನ್ನನ್ನು ಕೊಟ್ಟಿಗೆಯ ಕಡೆ ಕರೆದು ಕೇಳಿದಳು:

"ಹುಡುಗರ ಮುಂದ ಹಂಗ್ಯಾಕ ಆಡಿದಿ, ತಂಗಿ? ಮದುವಿ ಹುಡುಗಿ ಎದುರಿಗೆ ಬಳಿ ಒಡೀತಾರೇನು?"

"ನಾ ಅಲ್ರಿ, ಯಾವದೋ ಹುಡುಗಿ ಬಂದಿತ್ತು" ಎಂದೆ.

ಅಜ್ಜಿ ಶಾಂತಾಳನ್ನು ಕರೆದಳು. ಶಾಂತಾ ನನ್ನನ್ನು ನೋಡದೆ ಅಜ್ಜಿಯ ಸೆರಗು ಹಿಡಿದು ಹೇಳಿದಳು: "ಯಾರೂ ಬಂದಿಲ್ಲ. ಗಂಡು ಗೊಂಬೀನೂ ಅತ್ತೀನ ಮಾಡಿದ್ಲು. ಕಡ್ಡಿಗೆ ಸೀರಿ ಚಿಂದಿ ಸುತ್ತಿ ರುಮಾಲ ಮಾಡಿದ್ಲು. ಆಮ್ಯಾಲ ಸಣ್ಣ ಹುಡುಗಿ ಹಂಗ ದನಿ ಮಾಡಿ ಮಾತಾಡಿದ್ಲು."

ನನ್ನ ಸೀರೆಯ ಸೆರಗನ್ನು ಎಳೆದು ನೋಡಿದೆ. ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಹರಿದಿತ್ತು. ಗಾಡಿಯ ಗೂಟಕ್ಕೆ ಸಿಕ್ಕಿ ಹರಿದಿರಬಹುದು. ಬೆಳಿಗ್ಗೆಯೇ ಹರಿದಿತ್ತೋ ಏನೋ. ಗಂಡು ಗೊಂಬೆ ಅಲ್ಲಿಯೇ ಬಿದ್ದಿತ್ತೋ ಇಲ್ಲವೋ, ನಾನು ನೋಡಿರಲಿಲ್ಲ. ಬಾಳೂನನ್ನು ಕೇಳಿದರೆ ಒಮ್ಮೆ ಹುಡುಗಿ ಎಂದ, ಒಮ್ಮೆ ಅತ್ತಿ ಎಂದ. ಐದು ವರ್ಷದ ಮಗು. ಗಂಗೂನನ್ನು ಕೇಳಿದೆ. ಅವಳು "ಬಿಡ ಅತ್ತಿ, ಆಟ ಅಲ್ಲೇನು" ಎಂದು ಒಳಗೆ ಹೋದಳು.

ಸುದ್ದಿ ನಮಗಿಂತ ಮೊದಲೇ ವಿಜಾಪುರ ಮುಟ್ಟಿತ್ತು. ಅಣ್ಣ ಬೈಯಲಿಲ್ಲ. ಮದುವೆಯ ಮೂರು ದಿನ ನನ್ನ ಕೋಣೆಯ ಬಾಗಿಲು ಹೊರಗಿನಿಂದ ಮುಚ್ಚಿತ್ತು, ಅಷ್ಟೆ. ಚಿಲಕ ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಆ ಮೂರು ದಿನವೂ ನಾನು ಒಂದೇ ಯೋಚಿಸಿದೆ. ಹೊರಗೆ ಹೋಗಿ, ಈ ಮದುವೆ ನಿಲ್ಲಿಸಿರಿ, ನಾನು ಹೀಗೆ ಕಂಡಿದ್ದೇನೆ ಎಂದು ಹೇಳಲೇ? ಹೇಳಿದರೆ ನಾನು ಇಷ್ಟು ವರ್ಷ ಸುಳ್ಳೆಂದದ್ದೆಲ್ಲ ನಿಜವಾಗುತ್ತದೆ. ಆ ಅಪಶಕುನದ ಮಾತು ನನ್ನ ಬಾಯಿಂದಲೇ ಬಂದಂತೆಯೂ ಆಗುತ್ತದೆ. ಹೇಳಲಿಲ್ಲ. ವಾಲಗದ ಸದ್ದು ಮುಗಿಯುವವರೆಗೆ ಕಿವಿ ಮುಚ್ಚಿಕೊಂಡು ಕುಳಿತೆ.

ವರುಷ ತುಂಬುವ ಮೊದಲೇ ವಿಷಮಜ್ವರದಲ್ಲಿ ಗಂಗೂನ ಗಂಡ ತೀರಿಕೊಂಡ. ಒಳ್ಳೆಯ ಹುಡುಗನೆಂದು ಎಲ್ಲರೂ ಹೇಳುತ್ತಿದ್ದರು. ನಾನು ಅವನ ಮುಖವನ್ನೇ ನೋಡಿರಲಿಲ್ಲ. ಗಂಗೂ ಬರಿಗೈಯಲ್ಲಿ ಮನೆಗೆ ಬಂದಳು. ನಾನು ಬೀಸಿದ ಹಿಟ್ಟನ್ನು ವೈನಿ ಬೇರೆ ಡಬ್ಬಿಯಲ್ಲಿ ಇಡತೊಡಗಿದಳು. ಮುಂದಿನ ಬೇಸಿಗೆಯಲ್ಲಿ ಶಾಂತಾ, ಬಾಳೂ ಇಬ್ಬರನ್ನೂ ಸೂಟಿ ಬಿಟ್ಟ ಮರುದಿನವೇ ಬಬಲೇಶ್ವರಕ್ಕೆ ಕಳಿಸಿದರು, ಬೇರೆಯವರ ಜೊತೆ. ಅವರು ಹೊರಡುವಾಗ ನಾನು ಕೋಣೆಯೊಳಗೇ ಇದ್ದೆ. ಎದುರಾಗಬಾರದೆಂದು ಅಂದು ಮೊದಲ ಸಲ ನಾನೇ ಎಣಿಸಿದೆ.

ಈ ವಿಷಯವನ್ನು ತಿಳಿದವರಲ್ಲಿ ಕೇಳಿದ್ದೇನೆ. ಉರಿಬಿಸಿಲು, ನಿದ್ದೆಗೆಟ್ಟ ತಲೆ, ಎಳೆಯ ವಯಸ್ಸಿನ ನೋವು ಬೇರೆ ವೇಷದಲ್ಲಿ ಕಂಡಿರಬೇಕು ಎಂದು ಒಬ್ಬ ಡಾಕ್ಟರರು ಹೇಳಿದರು. ಇರಬಹುದು. ಆದರೆ ಸೊಲ್ಲಾಪುರದ ಆ ಹುಡುಗನ ಜ್ವರ ನನ್ನ ತಲೆಯೊಳಗಿನದಾಗಿರಲಿಲ್ಲ. ಊರಲ್ಲಿ ಆ ವರ್ಷ ಎಷ್ಟೋ ಜನ ಅದೇ ಜ್ವರಕ್ಕೆ ಹೋದರು, ಅವರಾರಿಗೂ ನಾನು ಗೊಂಬೆಯ ಮದುವೆ ಮಾಡಿರಲಿಲ್ಲ ಎಂದು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ. ಸಮಾಧಾನ ಬೆಳಗಾಗುವವರೆಗೆ ಉಳಿಯುವುದಿಲ್ಲ.

ಗಂಗೂ ಮತ್ತು ನಾನು ಅದೇ ಹಿತ್ತಲ ಕೋಣೆಯಲ್ಲಿ ಬಹಳ ವರ್ಷ ಒಟ್ಟಿಗೆ ಕಳೆದೆವು. ಒಂದೇ ಚಾಪೆ, ಒಂದೇ ಬೀಸುವ ಕಲ್ಲು. ನನ್ನ ಮೇಲೆ ಅವಳು ಎಂದೂ ಸಿಡುಕಲಿಲ್ಲ. ಒಂದು ದಿನ ಇಬ್ಬರೂ ಕೂತು ಜೋಳ ಹಸನು ಮಾಡುತ್ತಿದ್ದಾಗ ತಡೆಯಲಾರದೆ ಕೇಳಿದೆ:

"ಗಂಗೂ, ಅವತ್ತ ನಿನಗೂ ಆ ಹುಡುಗಿ ಕಂಡಿದ್ಲೋ ಇಲ್ಲೋ? ಖರೇ ಹೇಳು."

ಅವಳು ಮೊರ ಕೆಳಗಿಟ್ಟಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಯಾವದು ಹೇಳಿದ್ರ ನಿನಗ ನಿದ್ದಿ ಬರ್ತೈತಿ, ಅತ್ತಿ? ಅದನ್ನ ಹೇಳತೇನಿ" ಎಂದಳು.

ನಾನು ಯೋಚಿಸಿದೆ. ಕಂಡಿದ್ದಳು ಎಂದರೆ, ತಿಳಿದೂ ಮದುವೆ ನಿಲ್ಲಿಸದೆ ಕುಳಿತವಳು ನಾನು. ಕಂಡಿರಲಿಲ್ಲ ಎಂದರೆ, ಆ ಮಾತು ನನ್ನದೇ, ಆ ಕಲ್ಲೂ ನನ್ನ ಕೈಯದೇ. ಗಂಗೂ ಕಾಯುತ್ತಿದ್ದಳು. ಯಾವುದೆಂದು ನನಗೆ ಹೇಳಲಾಗಲಿಲ್ಲ. ಅವಳು ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು.