ಕಾವಮ್ಮನ ಅರ್ಧ ಗಂಟೆ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಕೋಳಿಯನ್ನು ಕಾವಿಗೆ ಕೂರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎಂದು ಎಲ್ಲರೂ ಕಾವಮ್ಮ ಎಂದು ಕರೆದರು, ಅದೇ ನಿಂತುಬಿಟ್ಟಿತು. ಹಿಟ್ಟಿನ ಗಿರಣಿಯವನನ್ನು ಮದುವೆಯಾಗಿ ಬಂದ ವರ್ಷ ಅತ್ತೆ ಎರಡು ಹೇಂಟೆ ಕೊಟ್ಟಿದ್ದರು. ಗಿರಣಿಯ ನೆಲ ಗುಡಿಸಿದರೆ ದಿನಕ್ಕೊಂದು ಮೊರ ನುಚ್ಚು ಸಿಗುತ್ತಿತ್ತು. ಎರಡು ಹೇಂಟೆ ಇಪ್ಪತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಯಾರ ಮನೆಯ ಹೇಂಟೆ ಪುಕ್ಕ ಕೆದರಿಕೊಂಡು, ಕೊರ್ ಕೊರ್ ಎಂದು ಮುನಿಸಿಕೊಂಡ ಸೊಸೆಯಂತೆ ಮೂಲೆ ಹಿಡಿದರೂ ಇವಳಿಗೆ ಕರೆ ಬರುತ್ತಿತ್ತು. ಹೋದವಳೇ ಅದರ ಹೊಟ್ಟೆಯ ಕೆಳಗೆ ಕೈ ತೂರಿಸಿ ಬಿಸಿ ನೋಡುವಳು. ಎರಡು ದಿನ ಮೊಟ್ಟೆಯ ಬದಲು ಈರುಳ್ಳಿ ಇಡುವಳು. ಈರುಳ್ಳಿಯ ಮೇಲೂ ಅಲುಗದೆ ಕೂತವಳಿಗೆ ಮಾತ್ರ ನಿಜವಾದ ಮೊಟ್ಟೆ. ಏಳನೆಯ ದಿನ ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಟಾರ್ಚು ಹಚ್ಚಿ, ಒಂದೊಂದೇ ಮೊಟ್ಟೆಯನ್ನು ತೂತಿನ ಮೇಲಿಟ್ಟು ನೋಡುವಳು. ಕೆಂಪು ನರ ಕಂಡರೆ ಬುಟ್ಟಿಗೆ, ಕಾಣದಿದ್ದರೆ ಹೊರಗೆ. ಹದಿನೆಂಟು ದಿನ ಕಳೆದ ಮೇಲೆ ಯಾರೂ ಮುಟ್ಟಕೂಡದು. ಇಪ್ಪತ್ತೊಂದಕ್ಕೆ ಚಿಪ್ಪು ಬಿರುಕು ಬಿಟ್ಟರೂ ಕೈ ಹಾಕಕೂಡದು, ಮರಿ ತಾನಾಗಿಯೇ ಬರಬೇಕು.

“ಕಾಯಬೇಕು,” ಎನ್ನುವಳು. “ಕಾಯೋಕೆ ಆಗದವರು ಬೇಯಿಸ್ಕೊಂಡು ತಿನ್ನಿ.” ಬಿಸಿಯಾಗುವುದೂ ಕಾಯುವುದೇ, ದಾರಿ ನೋಡುವುದೂ ಕಾಯುವುದೇ, ಕಾಪಾಡುವುದೂ ಕಾಯುವುದೇ, ಕೋಳಿ ಮೂರನ್ನೂ ಕೂತಲ್ಲೇ ಮಾಡುತ್ತದೆ, ಮನುಷ್ಯರಿಗೆ ಒಂದೂ ನೆಟ್ಟಗೆ ಬರುವುದಿಲ್ಲ ಎಂಬುದು ಅವಳ ಮಾತು. ಆ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು.

ಕಾಯಲು ಬಾರದ ಜೀವವೆಂದರೆ ಮನೆಯಲ್ಲೇ ಇತ್ತು, ಗಂಡ. ಕಡ್ಡಿಯನ್ನು ಗುಡ್ಡ ಮಾಡುವ ಮನುಷ್ಯ. ಬೆರಳಿಗೆ ಮುಳ್ಳು ಚುಚ್ಚಿದರೆ ಗಿರಣಿಯ ಸದ್ದನ್ನೂ ಮೀರಿ ಬೀದಿಯ ಕೊನೆಗೆ ಕೇಳಬೇಕು. ನೆಗಡಿಯಾದರೆ, “ಇವಳೇ, ಈ ಸಲ ನಾನು ಉಳಿಯಲ್ಲ ಕಣೇ.” ಅವಳು ಬಿಸಿನೀರು ಕೊಟ್ಟು, “ಸ್ವಲ್ಪ ಕಾಯ್ರಿ, ಇಳಿಯುತ್ತೆ,” ಎನ್ನುವಳು. ಇಪ್ಪತ್ತೆಂಟು ವರ್ಷವೂ ಇಳಿಯಿತು. ಮರಿಗಳ ವಿಷಯದಲ್ಲೂ ಅವನದು ಅದೇ ಗಡಿಬಿಡಿ. ಒಮ್ಮೆ, ಪಾಪ ಒಳಗೆ ಒದ್ದಾಡುತ್ತಿವೆ ಎಂದು ಅವಳಿಲ್ಲದಾಗ ಎರಡು ಚಿಪ್ಪು ಬಿಡಿಸಿಬಿಟ್ಟ. ಒಳಗಿನ ಪೊರೆಯಲ್ಲಿ ಇನ್ನೂ ರಕ್ತ ಆರಿರಲಿಲ್ಲ, ಎರಡೂ ಸತ್ತವು. ಅವಳು ಮೂರು ದಿನ ಮಾತು ಬಿಟ್ಟಳು. ಆಮೇಲಿಂದ ಮರಿ ಬರುವ ದಿನ ಅವನು ಹಿತ್ತಲಿಗೆ ಕಾಲಿಡುತ್ತಿರಲಿಲ್ಲ.

ಆ ದಿನ ಕೂತಿದ್ದದ್ದು ಒಂದು ಕರಿ ಹೇಂಟೆ, ಮೊದಲ ಕಾವು. ಹೊಸ ಕೋಳಿಗೆ ಹೊಟ್ಟೆಯ ಕೆಳಗೆ ಏನೋ ಮಿಸುಕಿದರೆ ದಿಗಿಲು. ಕೆಲವು ತಮ್ಮ ಮರಿಯನ್ನೇ ಕುಕ್ಕಿ ಕೊಲ್ಲುತ್ತವೆ. ಮೊದಲ ಮರಿ ಹೊರಗೆ ತಲೆ ಹಾಕಿದ್ದೇ ಇವಳೂ ಕುಕ್ಕಿದಳು. ಕಾವಮ್ಮ ಮರಿಯನ್ನು ಎತ್ತಿಕೊಂಡು, ಬುಟ್ಟಿಯ ಮುಂದೆ ಮಣೆ ಹಾಕಿ ಕೂತುಬಿಟ್ಟಳು. ಆಗ ಮಧ್ಯಾಹ್ನ ಊಟ ಮುಗಿದಿತ್ತಷ್ಟೆ.

ಗಂಡ ಹಿತ್ತಲ ಬಾಗಿಲಲ್ಲಿ ಬಂದು ನಿಂತ. “ಇವಳೇ, ಎದೆ ಒಂಥರಾ ಆಗ್ತಿದೆ. ಆಸ್ಪತ್ರೆಗೆ ಹೋಗಿ ಬರೋಣ್ವಾ?”

“ಒಂದರ್ಧ ಗಂಟೆ ಕಾಯ್ರಿ. ಬಿಟ್ಟು ಬಂದ್ರೆ ಇವಳು ಒಂದನ್ನೂ ಉಳಿಸಲ್ಲ.”

“ಆಯ್ತು,” ಎಂದ.

ಆಸ್ಪತ್ರೆ ಹತ್ತು ನಿಮಿಷದ ದಾರಿ. ಅವನು ಇನ್ನೊಮ್ಮೆ ಬಂದ. “ಎಷ್ಟಾಯ್ತು?” ಎಂದ. ತಿರುಗಿ ನೋಡದೆ “ಐದು ಮರಿ,” ಎಂದಳು. “ಪರವಾಗಿಲ್ಲ ಕಣೇ,” ಎಂದು ಒಳಗೆ ಹೋದ. ಮುಳ್ಳು ಚುಚ್ಚಿದರೆ ಬೀದಿ ಎಬ್ಬಿಸುವ ಮನುಷ್ಯ ಆ ದಿನ ಎರಡು ಸಲವೂ ಮೆಲ್ಲಗೆ ಮಾತಾಡಿದ್ದ. ಅದು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಅರ್ಧ ಗಂಟೆ ಎರಡು ಗಂಟೆಯಾಯಿತು. ಒಂಬತ್ತನೆಯ ಮರಿ ಬಂದು, ಕರಿ ಹೇಂಟೆ ಕುಕ್ಕುವುದು ಬಿಟ್ಟು ರೆಕ್ಕೆ ಅಗಲಿಸಿ ಎಲ್ಲವನ್ನೂ ಒಳಗೆ ಸೇರಿಸಿಕೊಂಡ ಮೇಲೆ ಅವಳು ಸೊಂಟ ಹಿಡಿದುಕೊಂಡು ಎದ್ದಳು. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಗೋಡೆಗೆ ಒರಗಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ತಲೆ ಬಾಚಿಕೊಂಡಿದ್ದ. ಕಾಲಲ್ಲಿ ಚಪ್ಪಲಿ ಇತ್ತು. ಹೊರಡಲು ಸಿದ್ಧವಾಗಿ ಕೂತಿದ್ದವನು ಕೂತಲ್ಲೇ ಹೋಗಿಬಿಟ್ಟಿದ್ದ.

ಒಬ್ಬಳೇ ಮಗಳು, ಎರಡು ಗಂಟೆ ಬಸ್ಸಿನ ದಾರಿಯ ಊರಲ್ಲಿ ನರ್ಸ್. ಬಂದವಳು ಅಪ್ಪನ ಕಾಲು ಹಿಡಿದುಕೊಂಡೇ ಕೇಳಿದಳು: “ಅಮ್ಮಾ, ಮೊದಲೇ ಏನೂ ಹೇಳ್ಲಿಲ್ವಾ? ನೋವು ಗೀವು?”

“ಇಲ್ಲ,” ಎಂದಳು ಕಾವಮ್ಮ. “ಗೊತ್ತೇ ಆಗ್ಲಿಲ್ಲ.”

“ಚಪ್ಪಲಿ ಯಾಕೆ ಹಾಕ್ಕೊಂಡಿದಾರೆ?”

“ಗಿರಣಿಗೆ ಹೊರಟಿದ್ರೇನೋ.”

ಬಾಯಿಂದ ಜಾರಿದ ಸುಳ್ಳು. ಆದರೆ ಮರುದಿನದ ಹೊತ್ತಿಗೆ ಬೀದಿಯೆಲ್ಲ ಅದನ್ನೇ ಹೇಳುತ್ತಿತ್ತು: ಪುಣ್ಯವಂತ, ಒಂದು ಚೂರೂ ನರಳಲಿಲ್ಲ. ಅವಳು ತಲೆಯಾಡಿಸಿದಳು. ಒಂಬತ್ತು ಮರಿಗಳನ್ನೂ ಕೇಳಿದವರಿಗೆ ಕೊಟ್ಟಳು. ಮತ್ತೆ ಕೋಳಿ ಕೂರಿಸಲಿಲ್ಲ. ಯಾರಾದರೂ ಕರೆದರೆ ಕಣ್ಣು ಮಂಜಾಗಿದೆ, ಮೊಟ್ಟೆಯ ನರ ಕಾಣುವುದಿಲ್ಲ ಎಂದು ತಪ್ಪಿಸಿಕೊಂಡಳು.

ಹತ್ತು ತಿಂಗಳಲ್ಲಿ ಮಗಳು ಕಡ್ಡಿಯಾದಳು. ಸ್ನಾನಕ್ಕೆ ಹೋದರೂ ಫೋನು ಜೊತೆಗೇ. ಅಮ್ಮ ಫೋನ್ ಮಾಡಿದರೆ ಒಂದು ಸಲ ಬಡಿಯುವುದರೊಳಗೆ ಎತ್ತಿ, “ಅಮ್ಮಾ, ಏನಾಯ್ತು?” ಎನ್ನುವಳು. ಅಪ್ಪನನ್ನು ಕಳೆದುಕೊಂಡ ದುಃಖ, ಹಾಗಾಗುತ್ತದೆ ಎಂದು ಕಾವಮ್ಮ ಅಂದುಕೊಂಡಿದ್ದಳು.

ಒಂದು ಭಾನುವಾರ ಮಗಳು ಬಂದಿದ್ದಳು. ಪಾತ್ರೆ ತೊಳೆಯುತ್ತಾ ಹಿತ್ತಲ ಕಡೆ ನೋಡಿ, “ಕರಿ ಹೇಂಟೆ ಖಾಲಿ ಬುಟ್ಟೀಲಿ ಕೂತಿದೆಯಲ್ಲಮ್ಮಾ, ಮೊಟ್ಟೆ ಇಡಬಾರದಾ?” ಎಂದಳು.

“ಅದು ಕೂತ್ರೆ ಕೂರ್ಲಿ. ನಾನಿಡಲ್ಲ.”

ಅಷ್ಟರಲ್ಲಿ ಫೋನು ಬಡಿಯಿತು. ಮಗಳು ತಟ್ಟೆ ಕೈಬಿಟ್ಟು, ಸೋಪಿನ ಕೈಯಲ್ಲೇ ಎತ್ತಿದಳು. ಯಾವುದೋ ಸಾಬೂನಿನ ಕಂಪನಿಯವರು. ಅದನ್ನು ಕತ್ತರಿಸಿ, ಬೇರೆ ಯಾರ ಕರೆಯಾದರೂ ತಪ್ಪಿದೆಯೇ ಎಂದು ಫೋನನ್ನು ಮತ್ತೆ ಮತ್ತೆ ನೋಡಿದಳು.

“ಅಷ್ಟೊಂದು ಗಾಬರಿ ಯಾಕೆ ಕಣೇ?”

ಮಗಳು ನೀರಿನ ತೊಟ್ಟಿಯ ಪಕ್ಕ ಕುಸಿದು ಕೂತಳು. “ಅವತ್ತು ಅಪ್ಪ ನನಗೆ ಫೋನ್ ಮಾಡಿದ್ರಮ್ಮ. ವಾರ್ಡಲ್ಲಿದ್ದೆ. ಸುಮ್ನೆ ಹರಟೆಗೆ ಅಂದ್ಕೊಂಡು ಜೇಬಿಗೆ ಹಾಕ್ಕೊಂಡೆ. ನಿನಗೂ ಹೇಳದೆ ನನಗೊಬ್ಬಳಿಗೇ ಹೇಳೋಕೆ ಹೊರಟಿದ್ರು. ನಾನು ಎತ್ತಿದ್ದಿದ್ರೆ ಅಪ್ಪ ಇರ್ತಿದ್ರು. ನಾನೇ ಕೊಂದೆ.”

ತನ್ನ ಸುಳ್ಳು ತನ್ನೊಬ್ಬಳನ್ನೇ ಸುಡುತ್ತಿದೆ ಎಂದು ಕಾವಮ್ಮ ಅಂದುಕೊಂಡಿದ್ದಳು. ಅದು ಇಷ್ಟು ದಿನ ಈ ಹುಡುಗಿಯ ತಲೆಯ ಮೇಲೆ ಕೂತಿತ್ತು. ಈಗಲೂ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಮಗಳು ಕೈಯಲ್ಲಿ ಉಳಿಯುತ್ತಿದ್ದಳು, ಆದರೆ ಹೀಗೇ ಸವೆದುಹೋಗುತ್ತಿದ್ದಳು. ಹೇಳಿದರೆ ಅವಳ ಹೊರೆ ಇಳಿಯುತ್ತದೆ, ಆಮೇಲೆ ಅವಳು ತನ್ನ ಮುಖ ನೋಡುತ್ತಾಳೆಂಬ ನಂಬಿಕೆಯಿಲ್ಲ. ಹೆಚ್ಚು ಯೋಚಿಸಲಿಲ್ಲ. ಯೋಚಿಸಿದ್ದರೆ ಬಾಯಿ ಬರುತ್ತಿರಲಿಲ್ಲ.

“ನನಗೆ ಹೇಳಿದ್ರು,” ಎಂದಳು. “ಮೊದಲು ನನಗೇ ಹೇಳಿದ್ರು. ಎದೆ ಒಂಥರಾ ಆಗ್ತಿದೆ, ಆಸ್ಪತ್ರೆಗೆ ಹೋಗೋಣ್ವಾ ಅಂತ. ಮರಿ ಬರ್ತಿದ್ವು. ಕಾಯ್ರಿ ಅಂದೆ.”

ಮಗಳು ತಲೆಯೆತ್ತಿದಳು. “ಚಪ್ಪಲಿ ಹಾಕ್ಕೊಂಡು ಎಷ್ಟು ಹೊತ್ತು ಕೂತಿದ್ರು?”

“ಎರಡು ಗಂಟೆ ಹೊತ್ತಾಗಿತ್ತು, ನಾನು ಒಳಗೆ ಬಂದಾಗ.”

“ನಡುವೆ ಒಂದ್ಸಲಾನೂ ಹೋಗಿ ನೋಡ್ಲಿಲ್ವಾ?”

“ಇಲ್ಲ.”

ಮಗಳು ಎದ್ದು ಕೈ ತೊಳೆದುಕೊಂಡಳು, ಒರೆಸಿಕೊಂಡಳು, ಚೀಲ ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು, “ಹತ್ತು ತಿಂಗಳು ನನ್ನ ಬೇಯೋಕೆ ಬಿಟ್ಟೆಯಲ್ಲಮ್ಮ,” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಉಳಿದ ಪಾತ್ರೆಗಳನ್ನು ಕಾವಮ್ಮ ತೊಳೆದಳು.

ಮೂರು ವಾರ ಸುದ್ದಿಯಿಲ್ಲ. ತಡೆಯಲಾರದೆ ಮಗಳ ಜೊತೆ ಕೋಣೆಯಲ್ಲಿರುವ ನರ್ಸಿಗೆ ಫೋನ್ ಮಾಡಿದಳು. “ಚೆನ್ನಾಗಿದಾಳಮ್ಮ,” ಎಂದಳು ಆ ಹುಡುಗಿ. “ಊಟ ಸೇರ್ತಿದೆ. ನಿದ್ದೆ ಬರ್ತಿದೆ. ಮೊದಲಿನ ಹಾಗೆ ಫೋನ್ ಹಿಡ್ಕೊಂಡು ಕೂರಲ್ಲ. ನಿಮ್ಮ ಹತ್ರ ಮಾತಾಡ್ಲಿಲ್ವಾ?”

“ಮಾತಾಡ್ತಾಳೆ, ಮಾತಾಡ್ತಾಳೆ,” ಎಂದು ಕಾವಮ್ಮ ಇನ್ನೊಂದು ಸುಳ್ಳು ಹೇಳಿದಳು.

ಆಮೇಲೆ ಧೈರ್ಯ ಮಾಡಿ ಮಗಳ ನಂಬರಿಗೇ ಒತ್ತಿದಳು. ಒಂದು ಸಲ ಬಡಿಯಿತು, ಎರಡು ಸಲ, ಐದು, ಆರು. ಯಾರ ಫೋನೆಂದು ನೋಡಿ, ಎತ್ತದೆ ಇಟ್ಟು, ತನ್ನ ಕೆಲಸ ತಾನು ನೋಡಿಕೊಳ್ಳುವುದು ಈಗ ಅವಳಿಗೆ ಸಾಧ್ಯವಾಗಿದೆ. ಪೂರ್ತಿ ಬಡಿದು ನಿಂತಿತು. ಹುಡುಗಿ ಹೆದರದೆ ಮಲಗುತ್ತಾಳಲ್ಲ, ಅಷ್ಟು ಸಾಕು ಎಂದು ಕಾವಮ್ಮ ಗಟ್ಟಿಯಾಗಿ ಹೇಳಿಕೊಂಡಳು. ಸಾಕಾಗಲಿಲ್ಲ. ಮತ್ತೆ ಒತ್ತಿದಳು.