ಮಾವನ ಕೈಗಷ್ಟೇ ಬೀಳುತ್ತಿದ್ದ ಗೇರು

ಮಾವನ ಬಲಗಾಲಿನ ಹೆಬ್ಬೆರಳು ಅಗಲವಾಗಿ, ಚಪ್ಪಟೆಯಾಗಿ ಇತ್ತು. ಉಗುರಿನ ಬುಡದಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಕಾರು ಬಿಡುವಾಗ ಅವರು ಚಪ್ಪಲಿ ಹಾಕುತ್ತಿರಲಿಲ್ಲ. ಹತ್ತುವ ಮೊದಲೇ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ತಳ್ಳುತ್ತಿದ್ದರು. “ಪೆಡಲು ಎಂತ ಹೇಳ್ತದೆ ಅಂತ ಕಾಲಿಗೆ ಗೊತ್ತಾಗ್ಬೇಕು” ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು.

ಕಡಬದಿಂದ ಒಳಗೆ, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಬರುವ ಜಾಗ ನಮ್ಮದು. ನನ್ನ ಗಂಡನಿಗೆ ದೂರದಲ್ಲಿ ಕೆಲಸ, ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಇದ್ದದ್ದು ಮಾವ, ನಾನು, ನನ್ನ ಮಗಳು. ಮಗಳಿಗೆ ಚಿಕ್ಕಂದಿನಿಂದಲೂ ಉಬ್ಬಸ, ಅವಳನ್ನು ನೋಡುವ ಡಾಕ್ಟರು ಪುತ್ತೂರಿನಲ್ಲಿ. ಉಬ್ಬಸ ಜೋರಾದರೆ ಕಾರೇ ಗತಿ, ಕಾರಿಗೆ ಮಾವನೇ ಗತಿ.

ಮದುವೆಗೆ ಮೊದಲೇ ಪುತ್ತೂರಿನಲ್ಲಿ ಕಾರು ಕಲಿತು ಲೈಸೆನ್ಸ್ ಮಾಡಿಸಿಕೊಂಡವಳು ನಾನು. ಆದರೆ ಆ ಲೈಸೆನ್ಸು ಮಾವನ ಕಾರಿನ ಮುಂದೆ ನಡೆಯುತ್ತಿರಲಿಲ್ಲ. ಗೇರಿನ ಕೋಲನ್ನು ಗೇರ್‌ಬಾಕ್ಸಿಗೆ ಸೇರಿಸುವ ಸರಳುಗಳ ಕೀಲಿನಲ್ಲಿರುವ ಬುಶ್ಶುಗಳೆಲ್ಲ ಸವೆದು, ಕೋಲು ಗಂಜಿ ತಿರುವುವ ಸೌಟಿನ ಹಾಗೆ ಎಲ್ಲ ಕಡೆಗೂ ಓಲಾಡುತ್ತಿತ್ತು. ಅದರಲ್ಲಿ ಮೂರನೆಯದು ಎಲ್ಲಿ, ರಿವರ್ಸ್ ಎಲ್ಲಿ ಎಂಬುದು ಮಾವನ ಎಡಗೈಗೆ ಮಾತ್ರ ಗೊತ್ತು. ಅವರ ಸ್ವಂತ ಮಗ, ನನ್ನ ಗಂಡನೂ ಒಮ್ಮೆ ಪ್ರಯತ್ನಿಸಿ ಸೋತು ಇಳಿದಿದ್ದರು. ಸರಿ ಮಾಡಿಸೋಣ ಎಂದರೆ ಮಾವನಿಗೆ ಸಿಟ್ಟು. “ಗೇರು ಸರಿ ಉಂಟು. ನಿಮಗೆ ಹಾಕ್ಲಿಕ್ಕೆ ಗೊತ್ತಿಲ್ಲ ಅಷ್ಟೆ.”

ಒಂದು ಮಧ್ಯಾಹ್ನ ಅವರು ನೆಂಟರ ಜೀಪಿನಲ್ಲಿ ಸುಳ್ಯಕ್ಕೆ ಮದುವೆಗೆ ಹೋಗಿದ್ದರು. ಮಗಳಿಗೆ ಉಸಿರು ಕಟ್ಟತೊಡಗಿತು. ಕಡಬದ ಆಟೋದವರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅವಳನ್ನು ಕಾರಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿದೆ. ಶೆಡ್ಡಿನಿಂದ ಹೊರಗೆ ಬರಬೇಕಾದರೆ ಹಿಂದಕ್ಕೆ ಬರಬೇಕು, ರಿವರ್ಸ್ ಬೀಳಲೊಲ್ಲದು. ಕೋಲನ್ನು ಎಳೆದೆ, ಒತ್ತಿದೆ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಪ್ರತಿ ಸಲವೂ ಕಾರು ಮುಂದಕ್ಕೇ ಸರಿದು ಕೊನೆಗೆ ಗೋಡೆಗೆ ಮೂಗು ತಾಗಿಸಿ ನಿಂತಿತು. ಮೂರು ಕಡೆ ಗೋಡೆ, ಪಕ್ಕದಲ್ಲಿ ಮಗಳ ಸುಂಯ್ ಸುಂಯ್ ಉಸಿರು. ಆ ಮನೆಯಲ್ಲಿ ನಾನು ಇದ್ದದ್ದು ಹೀಗೆಯೇ ಅಲ್ಲವೇ ಎಂದು ಅನಿಸಿ ಅಳು ಬಂತು. ರಬ್ಬರ್ ಶೀಟು ಒಯ್ಯುವ ಪಿಕಪ್ಪೊಂದು ರಸ್ತೆಯಲ್ಲಿ ಸಿಕ್ಕಿ ನಮ್ಮನ್ನು ಪುತ್ತೂರಿಗೆ ಮುಟ್ಟಿಸಿದ್ದರಿಂದ ಆ ದಿನ ಬಚಾವಾದೆವು.

ಸಂಜೆ ಮಾವ ಬಂದಾಗ ನಡೆದದ್ದನ್ನು ಹೇಳಿ ಅಡುಗೆಮನೆಗೆ ಹೋದೆ. ಅವರು ಮೊಮ್ಮಗಳ ಬೆನ್ನು ನೇವರಿಸುತ್ತ ತುಂಬ ಹೊತ್ತು ಕೂತರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, “ರಿವರ್ಸ್‌ಗೆ ಮೊದಲು ನಾಲ್ಕನೇ ಗೇರು ತೋರಿಸ್ಬೇಕು ಮಾರಾಯ್ತಿ. ಆಮೇಲೆ ಮೆಲ್ಲ ಕೆಳಗೆ ಎಳಿಬೇಕು” ಎಂದರು. ತಪ್ಪಾಯಿತು ಎನ್ನುವುದು ಅವರ ಬಾಯಿಯಲ್ಲಿ ಹೀಗೆ ಬರುತ್ತಿತ್ತೋ ಏನೋ. ನನಗೆ ಮಾತ್ರ ಕೈಯಲ್ಲಿದ್ದ ಸೌಟನ್ನು ಎಸೆಯಬೇಕೆನಿಸಿತು.

ಗೇರನ್ನು ಮುಟ್ಟಗೊಡದ ಅದೇ ಮನುಷ್ಯ ಬ್ರೇಕನ್ನು ಮಾತ್ರ ಮೇಲಿಂದ ಮೇಲೆ ರಿಪೇರಿ ಮಾಡಿಸುತ್ತಿದ್ದರು. ಕಡಬದಲ್ಲಿ ಅವರ ಖಾಯಂ ಗ್ಯಾರೇಜು, ಅದನ್ನು ನಡೆಸುವವರು ನಡುವಯಸ್ಸಿನ ಒಬ್ಬ ಬ್ಯಾರಿ ಸಾಹೇಬರು. ಬ್ರೇಕ್ ಶೂ ಹೊಸದಾಯಿತು, ಪೈಪು ಹೊಸದಾಯಿತು, ಮಾಸ್ಟರ್ ಸಿಲಿಂಡರೂ ಹೊಸದಾಯಿತು. ಆದರೂ ಇಳಿಜಾರಿನಲ್ಲಿ ಕಾರು ನಿಲ್ಲುವುದು ತಡ. ಕೊನೆಗೆ ಒಂದು ತಿರುವಿನಲ್ಲಿ ನಿಲ್ಲದೆ ಹೋಗಿ ರಸ್ತೆ ಬದಿಯ ಮಣ್ಣಿನ ದರೆಗೆ ಒರಗಿತು. ನನಗೂ ಮಗಳಿಗೂ ಪೆಟ್ಟಾಗಲಿಲ್ಲ. ಮಾವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಅಲ್ಲಿಂದ ನೇರ ಗ್ಯಾರೇಜಿಗೆ ಹೋದೆವು. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿರಬಹುದು, ತೆಗೆದು ನೋಡುತ್ತೇನೆ ಎಂದರು ಗ್ಯಾರೇಜಿನವರು. ಅದು ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಪೆಡಲನ್ನು ನಾಲ್ಕಾರು ಸಲ ಒತ್ತಿ, ಒತ್ತಿಯೇ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ಸಣ್ಣ ಸ್ಕ್ರೂ ಸಡಿಲಿಸಿ ಎಣ್ಣೆಯ ಜೊತೆ ಗಾಳಿಯನ್ನು ಬಿಡಬೇಕು. ಮಾವ ಬರಿಗಾಲಲ್ಲಿ ಕೂತರು.

“ಒತ್ತಿ ಗೌಡ್ರೆ... ಹಿಡೀರಿ” ಎಂದು ಕೆಳಗಿನಿಂದ ದನಿ.

“ಹಿಡಿದೆ.”

“ಹಿಡೀಲಿಲ್ಲ ನೀವು.”

“ಹಿಡಿದಿದ್ದೇನೆ ಮಾರಾಯ್ರೆ, ಇನ್ನೆಂತ ಮಾಡುದು?”

ತೆರೆದ ಬಾಗಿಲ ಪಕ್ಕ ನಿಂತಿದ್ದ ನನಗೆ ಕಾಣುತ್ತಿತ್ತು. ಆ ಹೆಬ್ಬೆರಳು ಪೆಡಲಿನ ಅಂಚಿನಿಂದ ಜಾರಿ ಪಕ್ಕದ ತಗಡನ್ನು ಒತ್ತುತ್ತಿತ್ತು, ಜೋರಾಗಿಯೇ. ಮಾವ ಮಾತ್ರ ಮುಂದಿನ ಗಾಜನ್ನೇ ನೋಡುತ್ತ, ಪೆಡಲನ್ನೇ ಒತ್ತಿದ್ದೇನೆಂದು ನಂಬಿ ಕೂತಿದ್ದರು. ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನು ಯಾವಾಗಲೋ ತಿಂದುಹಾಕಿತ್ತು. ಹಿಂದೊಮ್ಮೆ ಅಂಗಾಲಿಗೆ ಗಾಜು ಚುಚ್ಚಿದ್ದು ಗೊತ್ತಾಗದೆ ಮನೆಯಿಡೀ ರಕ್ತದ ಹೆಜ್ಜೆ ಹಾಕಿಕೊಂಡು ತಿರುಗಿದ್ದರು. ಆಗ ನಾವ್ಯಾರೂ ಕಾರಿನ ಬಗ್ಗೆ ಯೋಚಿಸಿರಲಿಲ್ಲ.

ಗ್ಯಾರೇಜಿನವರು ಕೆಳಗಿನಿಂದ ಎದ್ದು ಬಂದು ಒಮ್ಮೆ ಆ ಕಾಲನ್ನು ನೋಡಿದರು. “ಅಕ್ಕ, ನೀವೊಮ್ಮೆ ಕೂತ್ಕೊಳ್ಳಿ” ಎಂದರು. ನಾನು ಕೂತೆ, ಒತ್ತಿದೆ, ಹಿಡಿದೆ. ಪೆಡಲು ಗಟ್ಟಿಯಾಗಿ ನಿಂತಿತು. “ಗಾಳಿ ಇಲ್ಲ, ಎಂತದೂ ಇಲ್ಲ” ಎಂದು ಸ್ಕ್ರೂ ಬಿಗಿದು, ಕೈ ಒರೆಸಿಕೊಳ್ಳುತ್ತ ಆಚೆ ಹೋದರು. ಮುಂದಿನದನ್ನು ಹೇಳದೆ ಬಿಟ್ಟ ಅವರ ಮರ್ಯಾದೆಯನ್ನು ನಾನು ಮರೆತಿಲ್ಲ.

ಮಾವ ತಮ್ಮ ಪಾದವನ್ನು ನೋಡುತ್ತ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿಂದಲೇ ಕೂಗಿ ಹೇಳಿದರು: “ಗೇರಿನದ್ದೂ ಮಾಡಿಬಿಡಿ.”

“ಅದು ಸರಿ ಉಂಟು ಅಂತ ಹೇಳಿದ್ದಲ್ಲ ನೀವು?”

“ನನಗೆ ಸರಿ ಉಂಟು. ಇನ್ನು ಬಿಡುದು ಇವಳಲ್ವಾ?”

ಸಂಜೆಯೊಳಗೆ ಬುಶ್ಶುಗಳು ಹೊಸದಾದವು. ಎಡಗಡೆಯ ಸೀಟಿನಲ್ಲಿ ಕೂತು ಮನೆಗೆ ಬಂದ ಮಾವ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: “ಈಗ ಯಾವ ಕೋಳಿಗೂ ಬಿಡ್ಲಿಕ್ಕಾಗ್ತದೆ.” ನನಗೆ ನಗು ಬಂತು. ಅಷ್ಟು ಸಂತೋಷವಾಗಿತ್ತು.

ಆದರೆ ನಾನು ಬಿಡಿಸಿಕೊಂಡು ಬಂದ ಜಾಗದಲ್ಲಿ ಈಗ ಅವರು ಸಿಕ್ಕಿಬಿದ್ದರು. ಕಡಬದ ಹೋಟೆಲಿನ ಚಹಾ, ನೆಲ್ಯಾಡಿಯಲ್ಲಿದ್ದ ಹಳೆಯ ಸ್ನೇಹಿತ, ಎಲ್ಲವೂ ನಿಂತುಹೋದವು. ಕರೆದುಕೊಂಡು ಹೋಗು ಎಂದು ಬಾಯಿಬಿಟ್ಟು ಕೇಳುವವರಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿ, ಸುಮ್ಮನೆ ಜಗಲಿಯಲ್ಲಿ ಕೂತಿರುತ್ತಿದ್ದರು. ಆ ಕೂರುವಿಕೆ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ನಾನೂ ಹಾಗೆ ಕೂತವಳೇ. “ಕಡಬದಲ್ಲಿ ಸ್ವಲ್ಪ ಕೆಲಸ ಉಂಟು ಮಾವ, ಬರ್ತೀರಾ?” ಎಂದು ಸುಳ್ಳು ಹೇಳುತ್ತಿದ್ದೆ. “ನಿನಗೆ ಒಬ್ಬಳಿಗೆ ಬೇಜಾರಾದ್ರೆ ಬರ್ತೇನೆ” ಎಂದು ಅವರೂ ಸುಳ್ಳು ಹೇಳಿ ಎದ್ದು ಬರುತ್ತಿದ್ದರು.

ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, “ನನ್ನನ್ನು ಒಮ್ಮೆ ಪುತ್ತೂರಿಗೆ ಕರ್ಕೊಂಡು ಹೋಗ್ತೀಯಾ?” ಎಂದರು. ಅವರು ಕೇಳಿದ್ದು ಅದೇ ಮೊದಲು. ತಿರುಗಿ ನೋಡಿದರೆ ಹಣೆಯಿಡೀ ಬೆವರು, ಒಂದು ಕೈ ಎದೆಯ ಮೇಲಿತ್ತು.

ಒಲೆ ಆರಿಸಿ, ಅವರನ್ನು ಹಿಡಿದು ಕಾರಿನಲ್ಲಿ ಕೂರಿಸಿದೆ. ಕೋಲನ್ನು ಎಳೆದೆ, ರಿವರ್ಸ್ ತಕ್ಷಣ ಬಿತ್ತು. ಅದು ಹಳೆಯ ಹಾಗೆಯೇ ಇದ್ದಿದ್ದರೆ ಆ ಬೆಳಿಗ್ಗೆ ಅವರನ್ನು ಪುತ್ತೂರಿಗೆ ಒಯ್ಯಬಲ್ಲವರು ಅವರೊಬ್ಬರೇ ಆಗಿರುತ್ತಿದ್ದರು. ನಾನು ಎಷ್ಟು ಜೋರಾಗಿ ಬಿಟ್ಟರೂ ಆ ದಿನ ಮಾವ ಬಯ್ಯಲಿಲ್ಲ. ಆಸ್ಪತ್ರೆ ಕಾಣಿಸುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ, “ಗೇರು ಲಾಯ್ಕಲ್ಲಿ ಬೀಳ್ತದೆ” ಎಂದರು.

ಮರುದಿನ ತೀರಿಹೋದರು. ಆ ಮೆಚ್ಚುಗೆಯ ಮಾತು ಕಾರಿಗೆ ಹೇಳಿದ್ದೋ ನನಗೆ ಹೇಳಿದ್ದೋ ಗೊತ್ತಿಲ್ಲ. ನಾನು ನನಗೇ ಎಂದು ಇಟ್ಟುಕೊಂಡಿದ್ದೇನೆ.